ಮೋಟಾರು ಮನೆಯಲ್ಲಿ ಜಂಬೂಸವಾರಿ

ಕಾಶೀಯಾತ್ರೆಯನ್ನು ಕಾಲ್ನಡಿಗೆಯಿಂದ ಮಾಡಿದ ಹಿರಿಯರ ವಂಶದಲ್ಲಿ ಹುಟ್ಟಿದ ನಾವು, ಮನೆಯನ್ನೇ ಗಾಲಿಗಳ ಮೇಲಿರಿಸಿಕೊಂಡು ದೇಶ ಸಂಚರಿಸುವ ದಿನವೊಂದು ನಮಗೆ ಬಂದೀತೆಂದು ಎಂದೂ ಎಣಿಸಿರಲಿಲ್ಲ. ೨೦೨೩ನೆಯ ಇಸವಿಯ ಅಕ್ಟೋಬರ್ ತಿಂಗಳಲ್ಲಿ ಅದು ಬಂದಿತು. ಅಮೆರಿಕ ದೇಶದ ವಾಯವ್ಯ ಮೂಲೆಯಲ್ಲಿರುವ ಸಿಯಾಟಲ್ ನಗರದಲ್ಲಿ ನಮ್ಮ ಮಗಳು ಸಂಸಾರ ಹೂಡಿದ್ದಾಳೆ. ನಾವು ಮಗಳನ್ನು ನೋಡಲು ಹೋಗಿದ್ದಾಗ ಅಳಿಯಂದಿರು ನಾಲ್ಕು ದಿನಗಳ ಮಟ್ಟಿಗೆ ಒಂದು ಮೋಟಾರು ಮನೆಯನ್ನು ಬಾಡಿಗೆಗೆ ತಂದು ಬಾಗಿಲಿಗೆ ನಿಲ್ಲಿಸಿದರು. ಇಪ್ಪತ್ತು ಅಡಿ ಉದ್ದದ ಆ ವಾಹನದೊಳಗೆ ಒಲೆ, ನೀರಿನ ತೊಟ್ಟಿ, ಬಚ್ಚಲು, ಮಲಗುವ ಮಂಚಗಳು, ಊಟದ ಮೇಜು ಎಲ್ಲವೂ ಅಡಕವಾಗಿದ್ದುವು. ಗೋಡೆಗೆ ಒಂದು ಟೆಲಿವಿಷನ್ನನ್ನೂ ಬಿಗಿದಿದ್ದರು. ಮಾಳಿಗೆಯ ಮೇಲೆ ಕೊಪ್ಪರಿಗೆಯನ್ನು ಬೋರಲು ಹಾಕಿದಂತೆ ಬಿಳಿಯ ಗುಮ್ಮಟವೊಂದಿದ್ದಿತು. ಅದರೊಳಗೆ ಡಿಷ್ ಇದೆಯೆಂದೂ, ವಾಹನದ ಯಜಮಾನನು ತನ್ನ ಉಪಗ್ರಹದ ಚಂದಾವನ್ನೂ ಬಾಡಿಗೆಯೊಡನೆ ಸೇರಿಸಿ ಕೊಟ್ಟಿರುವನೆಂದೂ ತಿಳಿಯಿತು.

ಕಾಡು ನೋಡಹೊರಟವರಿಗೆ ಟೆಲಿವಿಷನ್ ಏತಕ್ಕೆ? ನಮ್ಮ ಮೊದಲನೆಯ ಅಭಿಪ್ರಾಯ ಇದೇ ಆಗಿದ್ದಿತು. ಆದರೆ ನಮ್ಮ ಮನೆಯಾಕೆಗೆ ಅದರಿಂದ ಆಗಬೇಕಾದ ಒಂದು ಕಾರ್ಯವಿದ್ದಿತು. ಆಕೆ ಮೈಸೂರಿನವಳು. ಆಕೆಯ ಅಕ್ಕನವರು ಈಗಿಲ್ಲ, ಆಗ ಇದ್ದರು. ಎರಡು ವರ್ಷಗಳಿಂದ ಹಾಸಿಗೆ ಹಿಡಿದಿದ್ದರು. ಚಿಕ್ಕಂದಿನಿಂದ ಅಕ್ಕತಂಗಿಯರು ಒಟ್ಟಿಗೆ ನಿಂತು ಜಂಬೂಸವಾರಿಯನ್ನು ನೋಡಿದವರು. ಮದುವೆಯಾಗಿ ಊರು ಬೇರೆಯಾದ ಮೇಲೆ, ಇಬ್ಬರೂ ತಮ್ಮ ತಮ್ಮ ಮನೆಯ ಟೆಲಿವಿಷನ್ನಿನ ಮುಂದೆ ಕುಳಿತು, ಅಂಬಾರಿ ಹೊರಡುವ ಹೊತ್ತಿಗೆ ಫೋನಿನಲ್ಲಿ ಮಾತಾಡಿಕೊಳ್ಳುತ್ತ ನೋಡುವ ಪದ್ಧತಿಯನ್ನು ಇಟ್ಟುಕೊಂಡಿದ್ದರು. ನಾವು ಅಮೆರಿಕಕ್ಕೆ ಹೊರಡುವ ಮುನ್ನ ಹೇಳಿಬರಲು ಹೋದಾಗ ಅಕ್ಕನವರು ತಂಗಿಯ ಕೈ ಹಿಡಿದು, "ಎಲ್ಲಿದ್ದರೂ ಆ ಹೊತ್ತಿಗೆ ಜೊತೆಗಿರಬೇಕು ಕಣೇ" ಎಂದಿದ್ದರು. ಈಕೆ ಆಗಲೆಂದು ಮಾತು ಕೊಟ್ಟಿದ್ದಳು. ಆ ವರ್ಷದ ವಿಜಯದಶಮಿ ಅಕ್ಟೋಬರ್ ೨೪ರಂದು ಬಂದಿದ್ದಿತು. ನಮ್ಮ ಸಂಚಾರವೂ ಅದೇ ದಿನಗಳಲ್ಲಿ ಬಿದ್ದಿತು.

ಅಳಿಯಂದಿರಿಗೆ ಇದರಲ್ಲಿ ಕಷ್ಟವೇನೂ ಕಾಣಲಿಲ್ಲ. "ಡಿಷ್ ಹಳೆಯ ಕಾಲದ್ದು ಮಾವ. ಕೈಫೋನಿನ ಇಂಟರ್‌ನೆಟ್ಟನ್ನು ಟೆಲಿವಿಷನ್ನಿಗೆ ಹಾಯಿಸಿದರೆ ಸಾಕು, ಸ್ಟ್ರೀಮಿಂಗ್‌ನಲ್ಲಿ ಪ್ರಪಂಚವೆಲ್ಲ ಬರುತ್ತದೆ" ಎಂದರು. ನಮ್ಮ ಪಕ್ಷಪಾತವಾದರೋ ಡಿಷ್ಷಿನ ಕಡೆಗೆ. ಅದಕ್ಕೆ ಕಾರಣ ಹಳೆಯದು. ೧೯೭೫ನೆಯ ಇಸವಿ ಆಗಸ್ಟ್ ೧ರಿಂದ ಒಂದು ವರ್ಷಕಾಲ, ಅಮೆರಿಕದವರು ಎರವಲು ಕೊಟ್ಟ ಎ.ಟಿ.ಎಸ್.-೬ ಎಂಬ ಉಪಗ್ರಹದ ಮೂಲಕ ನಮ್ಮ ದೇಶದ ಆರು ರಾಜ್ಯಗಳ ಸುಮಾರು ೨೪೦೦ ಹಳ್ಳಿಗಳಿಗೆ ಟೆಲಿವಿಷನ್ ಬಂದಿದ್ದಿತು. ಕರ್ನಾಟಕದಲ್ಲಿ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳಿಗೆ ಆ ಭಾಗ್ಯ ಲಭಿಸಿತು. ನಮ್ಮ ತಂದೆಯವರು ಆಗ ರಾಯಚೂರು ಜಿಲ್ಲೆಯ ಒಂದು ಹಳ್ಳಿಯಲ್ಲಿ ಉಪಾಧ್ಯಾಯರಾಗಿದ್ದರು. ಕೋಳಿಗೂಡಿಗೆ ಹಾಕುವ ತಂತಿಬಲೆಯಿಂದ ಮಾಡಿದ, ಹತ್ತು ಅಡಿ ಅಗಲದ ಒಂದು ಬೋಗುಣಿ ಆಕಾಶಕ್ಕೆ ಮುಖ ಮಾಡಿ ನಿಂತಿತು. ಸಂಜೆ ಊರಿಗೆ ಊರೇ ಶಾಲೆಯ ಅಂಗಳದಲ್ಲಿ ನೆರೆಯಿತು. ಆಗ ಹನ್ನೆರಡು ವರ್ಷದವರಾಗಿದ್ದ ನಮಗೆ, ಆಕಾಶದಿಂದ ನೇರವಾಗಿ ಇಳಿದುಬರುವ ಚಿತ್ರದ ಮೇಲೆ ಹುಟ್ಟಿದ ಗೌರವ ಇಂದಿಗೂ ಹೋಗಿಲ್ಲ.

೨೧ರಂದು ಹೊರಟು ಮಧ್ಯಾಹ್ನದ ಹೊತ್ತಿಗೆ ಸ್ಕ್ವಿಮ್ ಎಂಬ ಊರನ್ನು ಸೇರಿದೆವು. ಒಲಿಂಪಿಕ್ ಪರ್ವತಗಳು ಪಶ್ಚಿಮ ಸಮುದ್ರದ ಮೋಡಗಳನ್ನು ಆಚೆಯೇ ಹಿಂಡಿಬಿಡುವುದರಿಂದ ಈ ಊರಿಗೆ ವರ್ಷಕ್ಕೆ ಸುಮಾರು ಹದಿನಾರು ಅಂಗುಲ ಮಾತ್ರ ಮಳೆ. ಬಯಲು ನೆಲ, ತಿಳಿಯಾದ ಆಕಾಶ. ಗುಮ್ಮಟದೊಳಗಿನ ಡಿಷ್ ಗುರ್ರೆನ್ನುತ್ತ ಸುತ್ತಿ, ಐದು ನಿಮಿಷದೊಳಗಾಗಿ ತನ್ನ ಉಪಗ್ರಹವನ್ನು ಹಿಡಿದು ನಿಂತಿತು. ನಾವು ಅಳಿಯಂದಿರ ಕಡೆ ನೋಡಿದೆವು.

ಈ ಉಪಗ್ರಹಗಳ ವಿಚಾರವನ್ನು ಇಲ್ಲಿ ಎರಡು ಮಾತಿನಲ್ಲಿ ಹೇಳಬೇಕು. ಭೂಮಧ್ಯರೇಖೆಯ ಮೇಲೆ ೩೫,೭೮೬ ಕಿಲೋಮೀಟರು ಎತ್ತರದಲ್ಲಿ ಸುತ್ತುವ ವಸ್ತು, ಭೂಮಿಯು ತಿರುಗುವ ವೇಗದಲ್ಲಿಯೇ ತಾನೂ ತಿರುಗುವುದರಿಂದ, ನೋಡುವವರಿಗೆ ನಿಂತಲ್ಲಿಯೇ ನಿಂತಂತೆ ತೋರುತ್ತದೆ. ಇಂಥದನ್ನು ಪ್ರಸಾರಕ್ಕೆ ಬಳಸಬಹುದೆಂದು ಆರ್ಥರ್ ಕ್ಲಾರ್ಕ್ ಎಂಬವರು ೧೯೪೫ರಲ್ಲಿಯೇ ಬರೆದಿದ್ದರು. ಆಕಾಶದಲ್ಲಿ ಅಲುಗದವನು ಧ್ರುವನೊಬ್ಬನೇ ಎಂದು ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ನಮಗೆ, ದಕ್ಷಿಣದಿಕ್ಕಿನಲ್ಲಿಯೂ ಧ್ರುವರು ಸಾಲಾಗಿ ನಿಂತಿರುವರೆಂಬುದು ಸೋಜಿಗವೇ. ಡಿಷ್ಷನ್ನು ಅತ್ತ ತಿರುಗಿಸಬೇಕಾದರೆ ದಿಗಂಶ, ಉನ್ನತಾಂಶ ಎರಡೂ ಬೇಕು. ನಮ್ಮ ಜ್ಯೋತಿಷದ ಪಾಠದಲ್ಲಿ ಕಲಿತ ಮಾತುಗಳೇ ಕೈಗೆ ಬಂದುವು. ಮೈಸೂರಿನಲ್ಲಿ ಅಕ್ಕನವರ ಮನೆಯ ಡಿಷ್, ಪೂರ್ವ ರೇಖಾಂಶ ೮೩ರ ಮೇಲಿರುವ ಉಪಗ್ರಹವನ್ನು ಸುಮಾರು ೭೪ ಡಿಗ್ರಿ ಎತ್ತರಕ್ಕೆ ತಲೆಯೆತ್ತಿ ನೋಡುತ್ತದೆ. ಹೆಚ್ಚುಕಡಮೆ ನೆತ್ತಿಯ ಮೇಲೆಯೇ ಎನ್ನಬಹುದು. ನಾವಿದ್ದ ನಾಡು ಉತ್ತರಕ್ಕೆ ಬಹು ದೂರವಾದಕಾರಣ, ಅಲ್ಲಿಯ ಉಪಗ್ರಹ ದಿಗಂತದಿಂದ ೩೧ ಡಿಗ್ರಿ ಮಾತ್ರ ಮೇಲಿದ್ದಿತು. ಈ ಅಂತರದ ಫಲವನ್ನು ನಾವು ಮರುದಿನ ಉಂಡೆವು.

ಆ ಸಂಜೆಯಾದರೋ ಡಿಷ್ ನೂರಾರು ವಾಹಿನಿಗಳನ್ನು ತಂದು ಸುರಿಯಿತು. ಅಡಿಗೆ, ಆಭರಣದ ವ್ಯಾಪಾರ, ಹವಾಮಾನ, ಚೆಂಡಾಟ, ವಾದವಿವಾದ. ಕನ್ನಡದ ಒಂದಕ್ಷರವೂ ಇಲ್ಲ. ವಾಹನದ ಯಜಮಾನನ ಚಂದಾದಲ್ಲಿ ಇರುವುದಷ್ಟೇ ಬರುವುದು. ಅಷ್ಟೇ ಅಲ್ಲ, ಒಂದೊಂದು ಪ್ರಾಂತದ ಸ್ವಂತ ವಾಹಿನಿಗಳನ್ನು ಉಪಗ್ರಹವು ಆ ಪ್ರಾಂತದ ಮೇಲೆ ಮಾತ್ರ ಬೀಳುವಂತೆ ಕಿರಣ ಕಟ್ಟಿ ಬಿಡುವುದರಿಂದ, ಬಹುದೂರ ಹೋದವರಿಗೆ ತಮ್ಮ ಊರಿನ ವಾರ್ತೆಯೇ ತಪ್ಪಿಹೋಗುತ್ತದಂತೆ. ಈ ಸಲ ಅಳಿಯಂದಿರು ನಮ್ಮ ಕಡೆ ನೋಡಿದರು. ದೂರದರ್ಶನದ ಚಂದನ ವಾಹಿನಿಯು ಜಂಬೂಸವಾರಿಯನ್ನು ಯೂಟ್ಯೂಬಿನಲ್ಲಿಯೂ ಬಿಡುತ್ತದೆ. ನಮಗೆ ಬೇಕಾದದ್ದು ಆ ದಾರಿಯಲ್ಲಲ್ಲದೆ ಬೇರೆಯಿಲ್ಲವೆಂಬುದನ್ನು ನಾವು ಒಪ್ಪಿಕೊಳ್ಳಬೇಕಾಯಿತು.

ಮರುದಿನ ಹೋ ನದಿಯ ಮಳೆಕಾಡಿಗೆ ಹೋದೆವು. ಸ್ಕ್ವಿಮ್‌ನಿಂದ ಹಕ್ಕಿ ಹಾರುವ ದಾರಿಯಲ್ಲಿ ಇದು ನಲವತ್ತೈದು ಮೈಲಿಯೊಳಗಿನ ಸ್ಥಳ. ಆದರೆ ಇಲ್ಲಿ ಬೀಳುವ ಮಳೆ ವರ್ಷಕ್ಕೆ ಸುಮಾರು ನೂರನಲವತ್ತು ಅಂಗುಲ. (ನಮ್ಮ ಆಗುಂಬೆ ಇದರ ಇಮ್ಮಡಿಯನ್ನು ಕಂಡಿದೆ ಎಂದು ಮೊಮ್ಮಗಳಿಗೆ ಹೇಳದೆ ಇರಲಾರದೆ ಹೋದೆವು.) ಸಿಟ್ಕಾ ಸ್ಪ್ರೂಸ್, ಹೆಮ್‌ಲಾಕ್ ಎಂಬ ಮರಗಳು ಇನ್ನೂರು ಅಡಿಗೂ ಮೇಲೆ ಬೆಳೆದಿವೆ. ಮೇಪಲ್ ಮರದ ಕೊಂಬೆಕೊಂಬೆಯಿಂದ ಹಸಿರು ಪಾಚಿ ಮಾರುದ್ದ ಇಳಿಬಿದ್ದಿದೆ. ಬಿದ್ದ ಮುದಿಮರದ ಬೆನ್ನಿನ ಮೇಲೆ ಎಳೆಯ ಸಸಿಗಳು ಸಾಲಾಗಿ ಎದ್ದಿವೆ. ಕಾಲಾಂತರದಲ್ಲಿ ಕೆಳಗಿನ ಮರ ಕೊಳೆತುಹೋದರೂ ಮೇಲಿನವು ನೇರವಾದ ಸಾಲಿನಲ್ಲಿಯೇ ನಿಂತಿರುತ್ತವೆ. ಪಾಚಿಯನ್ನು ನೋಡಿ ನಮ್ಮ ಮನೆಯಾಕೆ, "ಋಷಿಗಳೆಲ್ಲ ಜಡೆ ಬಿಟ್ಟು ನಿಂತಹಾಗಿದೆ" ಎಂದಳು. ಸದ್ದೂ ಪಾಚಿಯೊಳಗೆ ಹುದುಗಿಹೋದಂತಿದ್ದಿತು. ಅಲ್ಲಿ ಕಳೆದ ಆ ಮಧ್ಯಾಹ್ನವೊಂದಕ್ಕಾಗಿಯೇ ಇಷ್ಟು ದೂರ ಬಂದದ್ದು ಸಾರ್ಥಕವೆಂದು ನಮಗೆ ತೋರಿತು.

ರಾತ್ರಿ ಅಲ್ಲಿಯ ಬಿಡಾರದ ಸ್ಥಳದಲ್ಲಿ ತಂಗಿದೆವು. ವಿದ್ಯುತ್ತಿನ ಕೊಡುಗೆ ಅಲ್ಲಿಲ್ಲ. ವಾಹನದ ಬ್ಯಾಟರಿಯಲ್ಲಿ ಇದ್ದಷ್ಟೇ ಬೆಳಕು. ಗುಮ್ಮಟ ಕಾಲುಗಂಟೆ ನರಳಿ ನರಳಿ ಸುತ್ತಿ, ಏನೂ ಕಾಣದೆ ಸುಮ್ಮನಾಯಿತು. ನಾವು ಕಾಗದ ತೆಗೆದು ಲೆಕ್ಕ ಮಾಡಿದೆವು: ಉಪಗ್ರಹ ೩೧ ಡಿಗ್ರಿ ಎತ್ತರದಲ್ಲಿರುವಾಗ, ಇನ್ನೂರು ಅಡಿಯ ಮರವೊಂದು ಮುನ್ನೂರಮೂವತ್ತು ಅಡಿ ದೂರದಲ್ಲಿದ್ದರೂ ಅಡ್ಡ ಬರುತ್ತದೆ. ಅದೇ ಮರ ಮೈಸೂರಿನಲ್ಲಿದ್ದಿದ್ದರೆ ಅರುವತ್ತು ಅಡಿಯೊಳಗೆ ಬರಬೇಕಾಗಿದ್ದಿತು. ಲೆಕ್ಕ ಸರಿಯಾಯಿತು, ಚಿತ್ರ ಬರಲಿಲ್ಲ. ಅಳಿಯಂದಿರ ಕೈಫೋನಿನ ಗತಿಯೂ ಅಷ್ಟೇ. ಆ ಕಣಿವೆಯಲ್ಲಿ ಸಂಜ್ಞೆಯೇ ಇಲ್ಲ. ಪಕ್ಕದ ಬಿಡಾರದವರ ಬಳಿ ಸ್ಟಾರ್‌ಲಿಂಕ್ ಎಂಬ ಹೊಸ ಏರ್ಪಾಡಿದ್ದಿತು. ಅದು ಉಪಗ್ರಹದಿಂದಲೇ ಇಂಟರ್‌ನೆಟ್ಟನ್ನು ತರುವುದು. ಆ ಇಸವಿಯಲ್ಲಿ ಸಂಚಾರಿಗಳು ಅದಕ್ಕೆ ತಿಂಗಳಿಗೆ ೧೫೦ ಡಾಲರು ತೆರುತ್ತಿದ್ದರು. ಅದರ ಉಪಗ್ರಹಗಳು ಸುಮಾರು ೫೫೦ ಕಿಲೋಮೀಟರು ಎತ್ತರದಲ್ಲಿ ಓಡುತ್ತಿರುವುದರಿಂದ ಒಂದು ಹೋದರೆ ಇನ್ನೊಂದನ್ನು ಹಿಡಿಯುತ್ತಿರಬೇಕು. ಡಿಷ್ಷಿಗೆ ಆಕಾಶದಲ್ಲಿ ಒಂದು ಕಿಟಕಿ ಸಾಕು, ಇದಕ್ಕೆ ಅಂಗಳವೇ ಬೇಕು. ಆ ಮರಗಳ ಕೆಳಗೆ ಅದು ಹತ್ತು ಕ್ಷಣ ಬಂದು ಇಪ್ಪತ್ತು ಕ್ಷಣ ಮಾಯವಾಗುತ್ತಿದ್ದಿತು. ಋಷಿಗಳು ಮೂವರನ್ನೂ ಒಂದೇ ರೀತಿಯಲ್ಲಿ ನೋಡಿದರು.

ಮನೆಯಾಕೆ ಆ ರಾತ್ರಿ ನಿದ್ರೆ ಮಾಡಲಿಲ್ಲ. ಬೆಳಗ್ಗೆ ಯಾರೂ ಹೇಳುವ ಮುನ್ನವೇ ಪಾತ್ರೆಗಳನ್ನು ಕಟ್ಟಿಟ್ಟಿದ್ದಳು. ಕಾಡಿನಲ್ಲಿ ಇನ್ನೂ ಒಂದು ದಿನ ಇರಬೇಕೆಂದಿದ್ದುದನ್ನು ಬಿಟ್ಟು, ಸುಮಾರು ಮೂವತ್ತು ಮೈಲಿ ಹಿಂದಕ್ಕೆ ಬಂದು, ಫೋರ್ಕ್ಸ್ ಎಂಬ ಸಣ್ಣ ಪಟ್ಟಣದಲ್ಲಿ ನಿಂತೆವು. ಮೋಟಾರು ಮನೆಗಳಿಗೆಂದೇ ಇರುವ ಬಯಲು. ವಿದ್ಯುತ್ತು ಉಂಟು, ಕೈಫೋನಿಗೆ ಸಂಜ್ಞೆಯೂ ಉಂಟು.

ನಮ್ಮ ನೆರೆಯಲ್ಲಿ ಟೆಕ್ಸಾಸ್ ಪ್ರಾಂತದ ವೃದ್ಧ ದಂಪತಿಗಳಿದ್ದರು. ಮನೆ ಮಾರಿ ಆರು ವರ್ಷಗಳಿಂದ ವಾಹನದಲ್ಲಿಯೇ ಸಂಸಾರ. ಆ ತಾಯಿಗೆ ಕಾಲು ಬಾರದು, ಗಾಲಿಕುರ್ಚಿಯಲ್ಲಿಯೇ ಇರುವುದು. ಯಜಮಾನರು ಮುಕ್ಕಾಲಿಯ ಮೇಲೆ ಡಿಷ್ಷನ್ನು ನಿಲ್ಲಿಸಿ, ಹುಲ್ಲಿನ ಮೇಲೆ ಹತ್ತು ಹೆಜ್ಜೆ ಆಚೆ ಈಚೆ ಸರಿಸಿ, ಮರಗಳ ಸಂದಿನಲ್ಲಿ ಉಪಗ್ರಹಕ್ಕೆ ದಾರಿ ಮಾಡುತ್ತಿದ್ದರು. ನಾವು ದಿಗಂಶವನ್ನು ಓದಿ ಹೇಳಿದೆವು, ಅವರು ತಿರುಗಿಸಿದರು. ಗುಮ್ಮಟ ಸೋಮಾರಿಗಳಿಗೆ, ಅದು ನಿಂತಲ್ಲಿಗೆ ಆಕಾಶ ಬರಬೇಕು, ಇದನ್ನಾದರೋ ಆಕಾಶವಿರುವಲ್ಲಿಗೆ ಎತ್ತಿಕೊಂಡು ಹೋಗಬಹುದು ಎಂಬುದು ಅವರ ಮತ. ದೊಡ್ಡ ಮಳೆ ಬಂದರೆ ಇದೂ ಮಂಕಾಗುವುದೆಂದರು. ನಮ್ಮೂರಿನಲ್ಲಿ ಆಷಾಢದಲ್ಲಿ ಹೀಗೆಯೇ ಎಂದೆವು. ಇಂಟರ್‌ನೆಟ್ಟನ್ನು ಏಕೆ ತೆಗೆದುಕೊಳ್ಳಲಿಲ್ಲವೆಂದು ಅಳಿಯಂದಿರು ಕೇಳಿದ್ದಕ್ಕೆ, ತಮ್ಮ ಪತ್ನಿ ದಿನಕ್ಕೆ ಎಂಟು ಗಂಟೆ ನೋಡುವರೆಂದೂ, ಡಿಷ್ಷಿನಲ್ಲಿ ಎಷ್ಟು ನೋಡಿದರೂ ಚಂದಾ ಒಂದೇ ಎಂದೂ ಹೇಳಿದರು. ಸ್ಫುಟವಾದ ಚಿತ್ರ ಗಂಟೆಗೆ ಮೂರು ಗಿಗಾಬೈಟ್ ತಿನ್ನುತ್ತದೆ. ಅಳಿಯಂದಿರ ಚಂದಾದಲ್ಲಿ ಹೀಗೆ ಹಂಚಿಕೊಳ್ಳಲು ತಿಂಗಳಿಗೆ ಹದಿನೈದು ಮಾತ್ರ ಉಂಟು. ಅದರಲ್ಲಿ ಹನ್ನೊಂದನ್ನು ಮೊಮ್ಮಗಳ ಬೊಂಬೆಯಾಟಗಳು ಅದಾಗಲೇ ನುಂಗಿದ್ದುವು.

ಅಂದು, ೨೩ರ ಸಂಜೆ, ಬೇಸ್‌ಬಾಲಿನ ದೊಡ್ಡ ಪಂದ್ಯ. ಟೆಕ್ಸಾಸಿನ ರೇಂಜರ್ಸ್ ದಂಡಿಗೂ ಹ್ಯೂಸ್ಟನ್ನಿನ ದಂಡಿಗೂ ಏಳನೆಯ ಆಟ. ನೆರೆಯವರು ತಮ್ಮ ಡಿಷ್ಷಿನಲ್ಲಿ ನೋಡಿದರು, ಅಳಿಯಂದಿರು ಸ್ವಲ್ಪ ಹೊತ್ತು ಫೋನಿನಲ್ಲಿ ಅದನ್ನೇ ನೋಡಿದರು. ಆಗ ಒಂದು ವಿಚಿತ್ರ ಕಂಡಿತು. ಪಕ್ಕದ ವಾಹನದಲ್ಲಿ ಕೂಗು ಎದ್ದು ಅರ್ಧ ನಿಮಿಷವಾದ ಮೇಲೆ ನಮ್ಮ ಫೋನಿನಲ್ಲಿ ಚೆಂಡು ಹಾರುತ್ತಿದ್ದಿತು! ಡಿಷ್ಷಿನ ಚಿತ್ರ ಆಕಾಶಕ್ಕೆ ಹೋಗಿ ಬರಲು ಕಾಲು ಸೆಕೆಂಡು ಸಾಕಂತೆ. ಸ್ಟ್ರೀಮಿಂಗ್ ಹಾಗಲ್ಲ, ಚಿತ್ರವನ್ನು ತುಂಡುತುಂಡಾಗಿ ಕತ್ತರಿಸಿ, ಗಂಟುಕಟ್ಟಿ, ದಾರಿಯಲ್ಲಿ ತಡೆದರೂ ನಿಲ್ಲದಿರಲೆಂದು ಮುಂಗಡ ಸ್ವಲ್ಪ ಕೂಡಿಟ್ಟುಕೊಂಡು ತೋರಿಸುತ್ತದೆ. ರೇಂಜರ್ಸ್ ೧೧–೪ರಿಂದ ಗೆದ್ದರು. ಆ ತಾಯಿ ಕುರ್ಚಿಯಲ್ಲಿಯೇ ಕೈ ಎತ್ತಿ ಕುಣಿದರು.

ಮೈಸೂರಿನಲ್ಲಿ ಸಂಜೆ ಐದು ಗಂಟೆಯಾದಾಗ ಅಲ್ಲಿ ಬೆಳಗಿನ ಜಾವ ನಾಲ್ಕೂವರೆ. ಮನೆಯಾಕೆ ಮೂರಕ್ಕೇ ಎದ್ದು, ಸಣ್ಣ ಬಚ್ಚಲಿನಲ್ಲಿ ಸ್ನಾನ ಮಾಡಿ, ರೇಷ್ಮೆ ಸೀರೆ ಉಟ್ಟು ಕುಳಿತಿದ್ದಳು. ಮಗಳು ಒಂದು ಫೋನಿನಿಂದ ಚಿತ್ರವನ್ನು ಗೋಡೆಯ ಟೆಲಿವಿಷನ್ನಿಗೆ ಹಾಯಿಸಿ, ನಿಲ್ಲದೆ ಬರಲೆಂದು ಅದರ ಸ್ಫುಟತೆಯನ್ನು ತಗ್ಗಿಸಿದಳು. ಇನ್ನೊಂದು ಫೋನಿನಿಂದ ಮೈಸೂರಿಗೆ ಕರೆ ಮಾಡಿಕೊಟ್ಟಳು. ಅಲ್ಲಿ ಅಕ್ಕನವರ ಮಗ ತಾಯಿಯ ಕಿವಿಗೆ ಫೋನ್ ಹಿಡಿದು ಕುಳಿತಿದ್ದನು.

ನಮ್ಮ ತೆರೆಯ ಮೇಲೆ ಯಾವುದೋ ಸ್ತಬ್ಧಚಿತ್ರ ನಿಧಾನವಾಗಿ ಸಾಗುತ್ತಿದ್ದಿತು. ಫೋನಿನಲ್ಲಿ ಅಕ್ಕನವರ ಕ್ಷೀಣವಾದ ದನಿ: "ಬಂತು ನೋಡೇ, ಅಂಬಾರಿ ಬಂತು. ಅಭಿಮನ್ಯು ಕಿವಿ ಬೀಸ್ತಾ ಇದಾನೆ." ನಮಗೆ ಹಿಂದಿನ ಸಂಜೆಯ ಚೆಂಡಾಟ ಜ್ಞಾಪಕಕ್ಕೆ ಬಂದಿತು. ಅಕ್ಕನವರ ಮನೆಯ ಮೇಲಿನ ಡಿಷ್ ಮುಂದೆ, ನಾವು ಹಿಂದೆ. ಮನೆಯಾಕೆ ಸ್ತಬ್ಧಚಿತ್ರವನ್ನೇ ನೋಡುತ್ತ, ಕ್ಷಣವೂ ತಡೆಯದೆ, "ಹೌದಕ್ಕಾ, ಬಂತು" ಎಂದು ಕೈ ಮುಗಿದಳು.

ಕುಶಾಲತೋಪುಗಳು ಹಾರತೊಡಗಿದುವು. ಮೊದಲು ಫೋನಿನೊಳಗೆ ಅಕ್ಕನವರ ಕೋಣೆಯಲ್ಲಿ. ಅವು ಮುಗಿಯುವ ಮೊದಲೇ ನಮ್ಮ ಗೋಡೆಯ ಮೇಲೆ ಮತ್ತೊಮ್ಮೆ. ಇಪ್ಪತ್ತೊಂದನ್ನು ಎಣಿಸಹೋಗಿ ನಾವು ಲೆಕ್ಕ ತಪ್ಪಿದೆವು. ಅಂಬಾರಿ ನಮಗೂ ಕಂಡಿತು. ಕಂಡ ಕೂಡಲೆ ಚಿತ್ರ ಕಲ್ಲಾಗಿ, ನಡುವೆ ಒಂದು ಬಿಳಿಯ ಚಕ್ರ ಗಿರಗಿರನೆ ಸುತ್ತತೊಡಗಿತು. ಅಳಿಯಂದಿರು ಫೋನನ್ನು ಕಿಟಕಿಯ ಬಳಿಗೆ ಒಯ್ದರು, ಎತ್ತಿ ಹಿಡಿದರು. ಅಷ್ಟುಹೊತ್ತೂ ಅಕ್ಕನವರು ಹೇಳುತ್ತಲೇ ಇದ್ದರು: ದೇವಿಗೆ ಯಾವ ಬಣ್ಣದ ಸೀರೆ, ಕುಮ್ಕಿ ಆನೆಗಳು ಯಾವ ಕಡೆ, ಜನ ಎಷ್ಟು. ಈಕೆ "ಹೌದಕ್ಕಾ, ಹೌದು" ಎನ್ನುತ್ತಲೇ ಇದ್ದಳು.

ಚಕ್ರ ಕರಗಿ ಚಿತ್ರ ಮತ್ತೆ ನಡೆಯಿತು. ಅಷ್ಟರಲ್ಲಿ ಅಕ್ಕನವರು, "ಸರಿ ಕಣೇ, ಗೇಟು ದಾಟಿತು, ಇನ್ನು ಮಲಗುತ್ತೇನೆ, ಆಯಾಸವಾಯಿತು" ಎಂದು ಫೋನನ್ನು ಮಗನಿಗೆ ಕೊಟ್ಟರು. ನಮ್ಮ ತೆರೆಯ ಮೇಲೆ ಆನೆ ಇನ್ನೂ ಅರಮನೆಯ ಅಂಗಳದಲ್ಲಿಯೇ ಇದ್ದಿತು. ಮನೆಯಾಕೆ ಕೈ ಮುಗಿದುಕೊಂಡೇ ಅದು ಗೇಟಿನ ಹತ್ತಿರಕ್ಕೆ ಬರುವುದನ್ನು ಕಾಯುತ್ತ ಕುಳಿತಿದ್ದಳು.