ರಾಯರ ಲೆಕ್ಕದ ಪುಸ್ತಕ

ಲೋಕದಲ್ಲಿ ಪುಕ್ಕಟೆಯಾಗಿ ದೊರೆಯುವ ವಸ್ತುಗಳಲ್ಲಿ ಉಪದೇಶಕ್ಕೆ ಅಗ್ರಸ್ಥಾನ. ಬ್ಯಾಂಕಿನ ಗುಮಾಸ್ತರಾದ ರಾಯರು ತಮ್ಮ 45ನೆಯ ವಯಸ್ಸಿನಲ್ಲಿ ವ್ಯಾಯಾಮಶಾಲೆಯ ಮೆಟ್ಟಿಲೇರಿದಾಗ ಈ ಸತ್ಯ ಅವರಿಗೆ ಮನವರಿಕೆಯಾಯಿತು. ಅನ್ನ ಬಿಡಿರೆಂದು ಒಬ್ಬರು, ಪ್ರೋಟೀನ್ ಪುಡಿ ಕುಡಿಯಿರೆಂದು ಇನ್ನೊಬ್ಬರು, ದಿನಕ್ಕೆ 10,000 ಹೆಜ್ಜೆ ನಡೆಯದವನಿಗೆ ಗತಿಯೇ ಇಲ್ಲವೆಂದು ಮತ್ತೊಬ್ಬರು! ಆ ಹತ್ತು ಸಾವಿರದ ಮೂಲವನ್ನು ಅರಸಿದರೆ ದೊರೆಯುವುದು 1965ರಲ್ಲಿ ಜಪಾನಿನ ಅಂಗಡಿಗಳಿಗೆ ಬಂದ, ಹೆಜ್ಜೆ ಎಣಿಸುವ ಒಂದು ಯಂತ್ರ. ‘ಮಾನ್‌ಪೊ-ಕೇ’ ಎಂದು ಅದರ ಹೆಸರು. ‘ಹತ್ತು ಸಾವಿರ ಹೆಜ್ಜೆಯ ಮಾಪಕ’ವೆಂದು ಅರ್ಥ. ಸರಕಿಗಿಟ್ಟ ಹೆಸರೇ ಶಾಸ್ತ್ರವಾಗಿ ಕುಳಿತಿತ್ತು!

ರಾಯರು ಎಲ್ಲರ ಮಾತಿಗೂ ತಲೆಯಾಡಿಸಿದರು. ನಂಬಿದ್ದು ಮಾತ್ರ ತಮ್ಮ ಲೆಕ್ಕದ ಪುಸ್ತಕವನ್ನು. ಮೊದಲ ವಾರ ಎತ್ತಿದ ಭಾರ 20 ಕಿಲೋ. ಆರನೆಯ ತಿಂಗಳಲ್ಲಿ 50. ದೇಹದ ತೂಕವಾದರೋ ಬೆಳಗ್ಗೆ ಒಂದು, ಸಂಜೆ ಒಂದು: ಕುಡಿದ ನೀರೂ ಉಂಡ ಅನ್ನವೂ ತಕ್ಕಡಿಯನ್ನೇರುತ್ತವೆ. ಆದಕಾರಣ ಒಂದು ದಿನದ ಅಂಕಿಗೆ ಹಿಗ್ಗದೆ, ಕುಗ್ಗದೆ, ವಾರದ ಸರಾಸರಿಯನ್ನಷ್ಟೇ ಬರೆದಿಟ್ಟರು.

ಇಷ್ಟೆಲ್ಲ ಏತಕ್ಕೆ? ಪಾರ್ಶ್ವವಾಯುವಿನಿಂದ ಮಲಗಿದ್ದ ತಂದೆಯವರನ್ನು ಹಾಸಿಗೆಯಿಂದ ಕುರ್ಚಿಗೆ ಸಾಗಿಸಲು ಇಬ್ಬರು ಬೇಕಾಗಿತ್ತು. ಮೊನ್ನೆ ಪುಸ್ತಕದಲ್ಲಿ ಅಂಕಿಯ ಬದಲು ಒಂದು ವಾಕ್ಯ ಬಿದ್ದಿತು: “ಇಂದು ತಂದೆಯವರನ್ನು ಒಬ್ಬನೇ ಎತ್ತಿ ಕೂರಿಸಿದೆ.”

ಮರುದಿನ ಹಿತೈಷಿಯೊಬ್ಬರು ಬಾದಾಮಿ ತಿನ್ನಿರೆಂದರು. ರಾಯರು ಎಂದಿನಂತೆ ತಲೆಯಾಡಿಸಿದರು.