ಕೀಳೋಕೂ ಕಾಸಾ?

ಹಾಸನದ ಬಿ.ಎಂ. ರಸ್ತೆಯಲ್ಲಿ ಸ್ಟಿಕ್ಕರ್ ಅಂಗಡಿ ಇಡುವ ಮೊದಲು ನಾನು ಹೊಳೆನರಸೀಪುರದಲ್ಲಿ ಒಬ್ಬ ಪೇಂಟರ್ ಮಾವನ ಹತ್ತಿರ ಬಣ್ಣದ ಡಬ್ಬಿ ಹಿಡಿದು ನಿಲ್ಲುತ್ತಿದ್ದೆ. ಸೀಮೆಸುಣ್ಣದ ಪುಡಿ ಸವರಿದ ದಾರವನ್ನು ಮೆಟಡಾರ್ ವ್ಯಾನಿನ ಮೈಗೆ ಎಳೆದು ಹಿಡಿದು ಟಪ್ ಅಂತ ಬಿಟ್ಟರೆ ಗೆರೆ ಬೀಳುತ್ತಿತ್ತು. ಅದರ ಮೇಲೆ ಬ್ರಷ್ಷಿನಲ್ಲಿ ‘ಶ್ರೀ ಲಕ್ಷ್ಮೀನರಸಿಂಹ ಪ್ರಸನ್ನ’. ಅಕ್ಷರಕ್ಕೆ ನೆರಳು ಕೊಟ್ಟು ಮುಗಿಸುವಷ್ಟರಲ್ಲಿ ಊಟದ ಹೊತ್ತು. ಗಾಡಿ ಕೈ ಬದಲಾದರೆ ಮೇಲೊಂದು ಕೋಟ್ ಹೊಡೆದು ಹೊಸ ಹೆಸರು ಬರೆದರಾಯಿತು. ಕೀಳುವ ಮಾತೇ ಇರಲಿಲ್ಲ.

ಆಮೇಲೆ ರೇಡಿಯಂ ಸ್ಟಿಕ್ಕರ್ ಬಂತು. ಮೊದಮೊದಲು ಬ್ಲೇಡು ಹಿಡಿದು ಕೈಯಲ್ಲೇ ಕತ್ತರಿಸುತ್ತಿದ್ದೆವು, ಅದರ ಬೆನ್ನಿಗೇ ಕಂಪ್ಯೂಟರು, ಪ್ಲಾಟರು. ಅರ್ಧ ದಿನದ ಕೆಲಸ ಅರ್ಧ ಗಂಟೆಗೆ ಇಳಿಯಿತು. ಮಾವ ಒಂದು ದಿನ ಅಂಗಡಿಗೆ ಬಂದು, ಯಂತ್ರ ‘ಪು’ ಕತ್ತರಿಸುವುದನ್ನು ನೋಡುತ್ತಾ ಕೂತರು. “ಕೊಂಬು ಗಿಡ್ಡ ಆಯ್ತು ಕಣಪ್ಪ” ಅಂದವರೇ ಎದ್ದು ಹೋದರು. ನಿಜಕ್ಕೂ ಗಿಡ್ಡವೇ ಆಗಿತ್ತು.

ನಾನು ಕೀಳಲು ಕೂತ ಮೊದಲ ಗಾಡಿ ಒಂದು ಟೆಂಪೋ ಟ್ರಾವೆಲರ್. ಚನ್ನರಾಯಪಟ್ಟಣದವರು ಮಾರಿದ್ದರು, ಅರಕಲಗೂಡಿನ ಕಡೆಯವರೊಬ್ಬರು ಧರ್ಮಸ್ಥಳದ ಟ್ರಿಪ್ಪಿಗೆಂದು ಕೊಂಡಿದ್ದರು. ಎರಡೂ ಪಕ್ಕದಲ್ಲಿ ಹಳೇ ಮಾಲೀಕರ ಮಕ್ಕಳ ಹೆಸರು, ಕೆಳಗೆ ಉದ್ದಕ್ಕೂ ಕೆಂಪು ಪಟ್ಟೆ. “ಇದೇನು ಮಹಾ” ಅಂತ ಬ್ಲೇಡು ಹಾಕಿದೆ. ಸ್ಟಿಕ್ಕರಿನ ಜೊತೆ ಬಣ್ಣವೂ ಎದ್ದು ಬಂತು. ಕಿತ್ತಿದ್ದಕ್ಕೆ ಕಾಸು ಸಿಗುವುದಿರಲಿ, ಆ ಜಾಗಕ್ಕೆ ಟಚಪ್ ಮಾಡಿಸಲು ನಾನೇ ಕೈಯಿಂದ ಕೊಟ್ಟೆ.

ಕೆಲಸ ಕಲಿಸಿದ್ದು ಬಿಸಿಲು. ಯಾವ ಪಕ್ಕ ಬಿಸಿಲಿಗೆ ನಿಲ್ಲುತ್ತೋ ಆ ಪಕ್ಕದ ಸ್ಟಿಕ್ಕರ್ ಒಣಗಿ, ಸುಟ್ಟ ಹಪ್ಪಳದ ಹಾಗೆ ಪುಡಿಪುಡಿ ಉದುರುತ್ತದೆ. ನೆರಳಿನ ಪಕ್ಕದ್ದು ಒಂದೇ ಎಳೆತಕ್ಕೆ ಬಾಳೆಪಟ್ಟೆ ಸುಲಿದ ಹಾಗೆ ಬರುತ್ತದೆ. ಅದೇ ಗಾಡಿ, ಅದೇ ದಿನ ಅಂಟಿಸಿದ್ದು! ಪುಡಿಯಾಗುವ ಕಡೆಗೆ ಬಿಸಿಗಾಳಿ ಗನ್ ಹಿಡಿದು, ಅಂಗೈ ತಡೆಯುವಷ್ಟು ಮಾತ್ರ ಕಾಯಿಸಿ, ತುದಿ ಎಬ್ಬಿಸಿ, ಎತ್ತಿ ಜಗ್ಗದೆ ಮೈಗೆ ಒರಗಿಸಿಕೊಂಡೇ ನಿಧಾನ ಎಳೆಯಬೇಕು. ಹೆಚ್ಚು ಕಾಯಿಸಿದರೆ ಬಣ್ಣ ಉಬ್ಬುತ್ತದೆ. ಉಳಿದ ಗಮ್ಮಿಗೆ ತಿನ್ನರ್ ಸುರಿದು ಗಾಡಿ ಹಾಳು ಮಾಡಿದವರನ್ನು ಬೇಕಾದಷ್ಟು ನೋಡಿದ್ದೇನೆ. ನಾನು ಕೊಬ್ಬರಿ ಎಣ್ಣೆ ಸವರಿ ಬಿಟ್ಟು ಟೀ ಕುಡಿದು ಬರುತ್ತೇನೆ. ಚನ್ನರಾಯಪಟ್ಟಣದ ಹುಡುಗನೊಬ್ಬ ಹೇಳಿಕೊಟ್ಟದ್ದು. ತೆಂಗಿನ ಸೀಮೆಯವನು, ಇನ್ನೇನು ಹೇಳ್ತಾನೆ!

ಗಿರಾಕಿಗಳ ಮಾತು ಮಾತ್ರ ಒಂದೇ: “ಅಣ್ಣ, ಕೀಳೋಕೂ ಕಾಸಾ?”

2012ರಲ್ಲಿ ಕಾರಿನ ಗಾಜಿನ ಕಪ್ಪು ಫಿಲ್ಮ್ ತೆಗೆಸಬೇಕೆಂದು ಸುಪ್ರೀಂ ಕೋರ್ಟ್ ಹೇಳಿತು. ಮೇ ತಿಂಗಳ ಬಿಸಿಲಲ್ಲಿ ಅಂಗಡಿ ಮುಂದೆ ಸಾಲು. ಹಿಂದಿನ ವಾರ ನಾನೇ ಅಂಟಿಸಿದ್ದನ್ನು ನಾನೇ ಕಿತ್ತೆ. ಗಾಜಿಗೆ ಬ್ಲೇಡು ನಡೆಯುತ್ತದೆ. ಆದರೆ ಹಿಂದಿನ ಗಾಜಿನಲ್ಲಿ ಮಂಜು ಒಣಗಿಸುವ ಸಣ್ಣ ತಂತಿಗೆರೆಗಳಿದ್ದರೆ ಅಲ್ಲಿ ಬ್ಲೇಡು ಮುಟ್ಟಿಸಬಾರದು. 2014ರ ನವೆಂಬರ್ 1ರಿಂದ ಹನ್ನೆರಡು ಊರಿನ ಹೆಸರು ಇಂಗ್ಲಿಷಿನಲ್ಲೂ ಕನ್ನಡದ ಹಾಗೇ ಆದಾಗ ಕೆಲವು ಟ್ರಾವೆಲ್ಸಿನವರು ‘ಬ್ಯಾಂಗಲೋರ್’, ‘ಮೈಸೋರ್’ ಕೀಳಿಸಿದರು. ಪಕ್ಕದಲ್ಲೇ ಇದ್ದ ಕನ್ನಡ ಅಕ್ಷರಕ್ಕೆ ಉಗುರೂ ತಾಗಿಸಬೇಕಾಗಲಿಲ್ಲ. ನಮ್ಮ ಹಾಸನ ಆ ಪಟ್ಟಿಯಲ್ಲೇ ಇರಲಿಲ್ಲ.

ಈಗ ಅಂಗಡಿಯಲ್ಲಿ ಅಂಟಿಸುವ ರೇಟಿನ ಪಕ್ಕದಲ್ಲೇ ಕೀಳುವ ರೇಟನ್ನೂ ಬರೆದು ಹಾಕಿದ್ದೇನೆ. ಚೌಕಾಸಿ ನಿಂತಿಲ್ಲ.

ಎಷ್ಟೇ ಚೆನ್ನಾಗಿ ಕಿತ್ತರೂ ಒಂದು ಗುರುತು ಉಳಿಯುತ್ತದೆ. ಸುತ್ತಲಿನ ಬಣ್ಣ ಬಿಸಿಲಿಗೆ ಮಾಸಿರುತ್ತದೆ, ಸ್ಟಿಕ್ಕರಿನ ಅಡಿಯದ್ದು ಹೊಸದರಂತೇ ಇರುತ್ತದೆ. ಹಳೇ ಹೆಸರು ಹಾಗೇ ಓದಲು ಸಿಗುತ್ತದೆ. ಕಾಂಪೌಂಡ್ ಹಾಕಿ ಉಜ್ಜಿದರೆ ಮಸುಕಾಗುತ್ತದೆ, ಪೂರ್ತಿ ಹೋಗುವುದು ಅಪರೂಪ. ಆದ್ದರಿಂದ ಹಳೇ ವ್ಯಾನು ಕೊಳ್ಳುವವರು ಆರ್‌ಸಿ ನೋಡಿದ ಮೇಲೆ, ಸಂಜೆ ಬಿಸಿಲಲ್ಲಿ ಓರೆಯಾಗಿ ನಿಂತು ಗಾಡಿಯ ಪಕ್ಕವನ್ನೂ ಒಮ್ಮೆ ಓದಿ.