ಘಾಟಿಯಲ್ಲಿ ಒಡೆದ ಬಾಟಲಿ

ಸಂಪಾಜೆ ಘಾಟಿ ಹತ್ತುವಾಗ ಕಾರಿನ ಹಿಂದೆ ಢಬ್ ಎಂದು ಸದ್ದಾಯಿತು. ಟಯರ್ ಹೋಯಿತು ಅಂದುಕೊಂಡು ಇಳಿದೆವು. ಡಿಕ್ಕಿ ತೆಗೆದರೆ ಶುಂಠಿ ವಾಸನೆ, ತುಂಬ ಗಾಜಿನ ಚೂರು.

ಗೆಳೆಯನ ಮನೆ ಒಕ್ಕಲಿಗೆ ಮಡಿಕೇರಿಗೆ ಹೊರಟಿದ್ದೆವು. ಮಂಗಳೂರಿನ ರೂಮಿನಲ್ಲಿ ಶುಂಠಿ, ಬೆಲ್ಲ, ನಿಂಬೆ, ಯೀಸ್ಟ್ ಹಾಕಿ ನಾವೇ ಹುಳಿಸಿದ ಜಿಂಜರ್ ಬಿಯರ್ ಹನ್ನೆರಡು ಬಾಟಲಿ ಜೊತೆಗಿತ್ತು. ಎಲ್ಲ ಹಳೆ ಜ್ಯೂಸ್ ಬಾಟಲಿಗಳು. ಗೆಳೆಯನ ಅಕ್ಕನ ಆರು ವರ್ಷದ ಮಗಳು, "ಮಾಮ, ಒಂದು ಬಾಟ್ಲಿ ನಾನು ಹಿಡ್ಕೊಳ್ತೇನೆ" ಎಂದು ಹಟ ಮಾಡಿದ್ದಳು. ಕೊಟ್ಟಿದ್ದೆವು. ಅದು ಅವಳ ಮಡಿಲಲ್ಲೇ ಇತ್ತು. ಒಡೆದದ್ದು ಅದಲ್ಲ, ಅಷ್ಟೇ.

"ಎತ್ತರಕ್ಕೆ ಹೋದರೆ ಹೀಗೇ" ಎಂದು ಅವತ್ತು ಬೆಟ್ಟವನ್ನು ಬೈದೆವು. ಆಮೇಲೆ ಲೆಕ್ಕ ಹಾಕಿದಾಗ ನಾಚಿಕೆಯಾಯಿತು.

ಬೈಕ್ ಟಯರಿಗೆ 28–30 ಗಾಳಿ ಹಾಕಿಸುತ್ತೇವಲ್ಲ, ಚೆನ್ನಾಗಿ ನೊರೆ ಬರುವ ಬಾಟಲಿಯೊಳಗೂ ಹೆಚ್ಚುಕಡಿಮೆ ಅಷ್ಟೇ ಒತ್ತಡ. ಮಡಿಕೇರಿ ಸುಮಾರು 1,150 ಮೀಟರ್ ಎತ್ತರ. ಅಲ್ಲಿ ಹೊರಗಿನ ಗಾಳಿ ತೆಳುವಾಗುವುದರಿಂದ ಬಾಟಲಿಗೆ ಬೀಳುವ ಹೆಚ್ಚಿನ ಹೊರೆ 2ಕ್ಕಿಂತ ಕಡಿಮೆ. ಆದರೆ ಒಂದು ಲೀಟರಿನಲ್ಲಿ 4 ಗ್ರಾಂ, ಅಂದರೆ ಒಂದು ಸಣ್ಣ ಚಮಚ ಸಕ್ಕರೆ ಮುಚ್ಚಳ ಹಾಕಿದ ಮೇಲೆ ಹುಳಿತರೆ 15ಕ್ಕಿಂತ ಹೆಚ್ಚು ಏರುತ್ತದೆ. ನಮ್ಮ ಬಾಟಲಿಗಳಲ್ಲಿ ಬೆಲ್ಲದ ಸಿಹಿ ಇನ್ನೂ ಎಷ್ಟೋ ಉಳಿದಿತ್ತು. ಮೇಲಿಂದ ಬಿಸಿಲಿಗೆ ಕಾದ ಡಿಕ್ಕಿ. ಬೆಟ್ಟದ್ದು ತಪ್ಪಲ್ಲ, ನಮ್ಮ ಅವಸರದ್ದು.

ಈಗ ನಾವು ಹೀಗೆ ಮಾಡುತ್ತೇವೆ. ಗಾಜು ಬೇಡವೆಂದು ಸೋಡಾ ಬಂದಿದ್ದ ಪ್ಲಾಸ್ಟಿಕ್ ಬಾಟಲಿಗೇ ತುಂಬುತ್ತೇವೆ. ದಿನಾ ಒತ್ತಿ ನೋಡುತ್ತೇವೆ. ಗಟ್ಟಿಯಾದ ಕೂಡಲೇ ಫ್ರಿಜ್‌ಗೆ. ತಂಪಿನಲ್ಲಿ ಯೀಸ್ಟ್ ಕೆಲಸ ನಿಧಾನವಾಗುತ್ತದೆ, ಗ್ಯಾಸ್ ನೀರಿನಲ್ಲೇ ಕರಗಿರುತ್ತದೆ. ಒಯ್ಯುವಾಗ ಐಸ್ ತುಂಬಿದ ಡಬ್ಬದಲ್ಲಿ ನೆಟ್ಟಗೆ ನಿಲ್ಲಿಸಿ, ಮೇಲೆ ಗೋಣಿ ಮುಚ್ಚುತ್ತೇವೆ. ಮುಟ್ಟಿದಾಗ ಕಲ್ಲಿನಂತಿದ್ದರೆ ಬಟ್ಟೆ ಹಿಡಿದು, ಮುಖ ದೂರವಿಟ್ಟು, ಮುಚ್ಚಳ ಸ್ವಲ್ಪ ಸಡಿಲಿಸಿ ಗ್ಯಾಸ್ ಬಿಡುತ್ತೇವೆ. ತಲುಪಿದ ಮೇಲೆ ಕುಲುಕಾಟ ಇಳಿಯುವ ತನಕ ಯಾರೂ ತೆರೆಯುವ ಹಾಗಿಲ್ಲ.

ಮುಂದಿನ ಸಲ ಹೊರಟಾಗಲೂ ಅವಳು ಬಾಟಲಿ ಕೇಳಿದಳು. ನೀರಿನದ್ದು ಕೊಟ್ಟೆವು.